ಗುಬ್ಬಿಯ ಆನೆ, ಓಡುವ ತಿಜೋರಿ

ತುಮಕೂರಿನಲ್ಲಿ ಸೆಕೆಂಡ್ ಶೋ ಬಿಟ್ಟ ಮೇಲೆ ಥಿಯೇಟರ್ ಹತ್ತಿರದ ಟೀ ಗಾಡಿ ಮುಂದೆ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಕಾರು ಹಾರಿದ, ಬ್ಯಾಂಕು ಲೂಟಿಯಾದ ಸಿನಿಮಾ ಆಗಿದ್ದರೆ ಹುಡುಗರು ಕಥೆ ಮಾತಾಡುವುದೇ ಇಲ್ಲ. ‘ಆ ಕಾರು ಸೇತುವೆ ಮೇಲಿಂದ ಹಾರಿತಲ್ಲ, ಅದು ಒರಿಜಿನಲ್ಲಾ, ಗ್ರಾಫಿಕ್ಸಾ?’ ಹೀರೋನೇ ಓಡಿಸಿದ್ದಾ, ಡೂಪಾ? ಒಬ್ಬ ಫೋನ್ ತೆಗೆದು ಮೇಕಿಂಗ್ ವಿಡಿಯೊ ಹುಡುಕುತ್ತಾನೆ. ಸೋತವನು ಟೀ ದುಡ್ಡು ಕೊಡುತ್ತಾನೆ.

ಹುಡುಗರಿಗೆ ಸ್ಪೀಡಿನ ಹುಚ್ಚು, ಅದಕ್ಕೇ ಇಂಥ ಸಿನಿಮಾ ಓಡುತ್ತವೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ಅದು ಅರ್ಧ ಸರಿ. ಉಳಿದರ್ಧ ಆ ಟೀ ಗಾಡಿಯ ಪ್ರಶ್ನೆಯಲ್ಲಿದೆ. ಆ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ.

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಕಂಪನಿ ಶುರುವಾಯಿತು. ಮುಂದೆ ಅದನ್ನು ನಡೆಸಿದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದರು. ಪರದೆ ಮೇಲೆ ಆನೆ ಬರೆಸಿದ್ದರೂ ಕಥೆ ನಿಲ್ಲುತ್ತಿರಲಿಲ್ಲ. ಯುದ್ಧದಲ್ಲಿ ಗೆಲ್ಲುವವರು ಯಾರು ಅಂತ ಕೂತವರಿಗೆಲ್ಲ ಗೊತ್ತಿತ್ತು. ಆದರೆ ಆನೆ ಏನು ಮಾಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅಲ್ವಾ? ಜನ ಉಸಿರು ಬಿಗಿಹಿಡಿದದ್ದು ಅಲ್ಲಿ.

ಸಿನಿಮಾ ಈ ಗುಟ್ಟನ್ನು ಬೇಗ ಹಿಡಿಯಿತು. 1903ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಗ್ರೇಟ್ ಟ್ರೇನ್ ರಾಬರಿ’ ಬರೀ 12 ನಿಮಿಷದ್ದು. ರೈಲು ದರೋಡೆ, ಬೆನ್ನಟ್ಟುವುದು, ಗುಂಡೇಟು, ಮುಗೀತು. ಮಾತಿಲ್ಲದ ಕಾಲಕ್ಕೆ ಅಟ್ಟಿಸಿಕೊಂಡು ಓಡುವುದಕ್ಕಿಂತ ಸುಲಭದ ಕಥೆ ಬೇಕಾ? 1926ರಲ್ಲಿ ಮೂಕಿ ಸಿನಿಮಾಗಳ ಹಾಸ್ಯನಟ ಬಸ್ಟರ್ ಕೀಟನ್ ‘ದಿ ಜನರಲ್’ ಸಿನಿಮಾಕ್ಕಾಗಿ ಉರಿಯುವ ಸೇತುವೆ ಮೇಲಿಂದ ನಿಜವಾದ ರೈಲು ಎಂಜಿನನ್ನೇ ಹೊಳೆಗೆ ಬೀಳಿಸಿದ. ಎರಡನೇ ಟೇಕ್ ಮಾತೇ ಇಲ್ಲ. ಅದೂ ಗುಬ್ಬಿಯ ಆನೆಯೇ.

ಕಳ್ಳತನದ ಕಥೆಗೆ ಮಾತ್ರ ಅಷ್ಟು ಸಲೀಸಾಗಿ ದಾರಿ ಸಿಗಲಿಲ್ಲ. ಹಾಲಿವುಡ್ ತನಗೆ ತಾನೇ ಹಾಕಿಕೊಂಡ ಒಂದು ಕಟ್ಟುಪಾಡು 1934ರಿಂದ ಬಿಗಿಯಾಯಿತು. ತಿಜೋರಿ ಒಡೆಯುವುದು, ರೈಲಿಗೆ ಡೈನಮೈಟ್ ಇಡುವುದು ಇಂಥದ್ದನ್ನೆಲ್ಲ ವಿವರವಾಗಿ ತೋರಿಸುವ ಹಾಗಿಲ್ಲ. ತಪ್ಪು ಮಾಡಿದವನು ದಕ್ಕಿಸಿಕೊಳ್ಳುವ ಹಾಗೂ ಇಲ್ಲ. 1955ರಲ್ಲಿ ಫ್ರಾನ್ಸಿನಲ್ಲಿ ಬಂದ ‘ರಿಫಿಫಿ’ ಇದಕ್ಕೆ ಉಲ್ಟಾ ಮಾಡಿತು. ಆಭರಣದಂಗಡಿಗೆ ಕನ್ನ ಹಾಕುವುದನ್ನು ಸುಮಾರು ಅರ್ಧ ಗಂಟೆ ತೋರಿಸಿದರು. ಆ ಅರ್ಧ ಗಂಟೆ ಮಾತೂ ಇಲ್ಲ, ಸಂಗೀತವೂ ಇಲ್ಲ. ಉಳಿ, ಸುತ್ತಿಗೆ, ಬೆವರು, ಅಷ್ಟೇ.

ಅಲ್ಲಿ ನಾವು ನೋಡುವುದು ಕಳ್ಳತನಕ್ಕಿಂತ ಜಾಸ್ತಿ ಕೆಲಸವನ್ನು. ಮದುವೆ ಮನೆಯಲ್ಲಿ ಅಡುಗೆಯವರ ತಂಡ ನೋಡಿದ್ದೀರಲ್ಲ? ಒಬ್ಬ ಅನ್ನ ಬಸಿಯುತ್ತಾನೆ, ಒಬ್ಬ ಸಾಂಬಾರು, ಒಬ್ಬ ಜಿಲೇಬಿ, ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಅದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ದರೋಡೆ ಸಿನಿಮಾದ ಗುಂಪೂ ಹಾಗೇ. ಒಬ್ಬ ಡ್ರೈವರ್, ಒಬ್ಬ ಬೀಗದವನು, ಒಬ್ಬ ಬಾಯಿಮಾತಿನವನು. ಪ್ಲಾನ್ ಮೊದಲೇ ಪೂರ್ತಿ ಹೇಳಿಬಿಟ್ಟರೆ ಅದು ಕೆಡುತ್ತದೆ ಅಂತ ನಮ್ಮ ಗಾಂಧಿ ಕ್ಲಾಸಿನವರಿಗೂ ಗೊತ್ತು. ಕೆಡದಿದ್ದರೆ ಅವರಿಗೇ ಬೇಜಾರು.

1968ರಲ್ಲಿ ಆ ಹಳೇ ಕಟ್ಟುಪಾಡು ಹೋಗಿ ಹಾಲಿವುಡ್‌ಗೆ ಯಾವ ಸಿನಿಮಾ ಯಾವ ವಯಸ್ಸಿನವರಿಗೆ ಅಂತ ಹೇಳುವ ರೇಟಿಂಗ್ ಪದ್ಧತಿ ಬಂತು. ಅದೇ ವರ್ಷ ಕನ್ನಡದಲ್ಲಿ ‘ಜೇಡರ ಬಲೆ’ ಬಂತು. ದೊರೈ-ಭಗವಾನ್ ಜೋಡಿಯ ಆ ಸಿನಿಮಾದಲ್ಲಿ ರಾಜ್‌ಕುಮಾರ್ ಸಿಐಡಿ 999. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದವರು ಪಿಸ್ತೂಲು ಹಿಡಿದು ಪತ್ತೇದಾರನಾದರು.

ಅದೇ 1968ರ ‘ಬುಲಿಟ್’ ಸಿನಿಮಾವನ್ನು ಕಾರ್ ಚೇಸ್ ಹುಚ್ಚಿನವರು ಇವತ್ತಿಗೂ ಬಿಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಏರು-ಇಳಿಜಾರು ಬೀದಿಗಳಲ್ಲಿ ಒಂದು ಮಸ್ಟಾಂಗ್, ಒಂದು ಡಾಡ್ಜ್ ಚಾರ್ಜರ್, ಸುಮಾರು 11 ನಿಮಿಷ. ಅದಕ್ಕೂ ಮೊದಲು ಸ್ಪೀಡ್ ತೋರಿಸಲು ಒಂದು ಹಳೇ ಉಪಾಯವಿತ್ತು. ಸೆಕೆಂಡಿಗೆ 24 ಫ್ರೇಮ್ ಬದಲು ಕಮ್ಮಿ ಫ್ರೇಮಿನಲ್ಲಿ ಶೂಟ್ ಮಾಡುವುದು. ತೆರೆ ಮೇಲೆ ಕಾರು ಜೋರಾಗಿ ಓಡುತ್ತದೆ, ಜೊತೆಗೆ ಪಕ್ಕದಲ್ಲಿ ನಡೆಯುವವರೂ ಕೀಲಿ ಕೊಟ್ಟ ಗೊಂಬೆಗಳಂತೆ ಪಟಪಟ ನಡೆಯುತ್ತಾರೆ. ‘ಬುಲಿಟ್’ನಲ್ಲಿ ಕಾರುಗಳೇ ಗಂಟೆಗೆ 170 ಕಿಲೋಮೀಟರ್ ದಾಟಿದವು. ಚೇಸ್ ಶುರುವಾದ ಕೂಡಲೇ ಸಂಗೀತ ನಿಲ್ಲಿಸಿದರು. ಕೇಳುವುದು ಎಂಜಿನ್ ಮತ್ತು ಟೈರು. ಗಮನವಿಟ್ಟು ನೋಡಿದರೆ ಒಂದೇ ಹಸಿರು ಫೋಕ್ಸ್‌ವ್ಯಾಗನ್ ಮತ್ತೆ ಮತ್ತೆ ಅಡ್ಡ ಸಿಗುತ್ತದೆ. ಒಂದೇ ಓಟವನ್ನು ಬೇರೆ ಬೇರೆ ಕಡೆಯಿಂದ ಜೋಡಿಸಿದ ಗುರುತು ಅದು. ತಪ್ಪು ಅಂದುಕೊಂಡರೆ ತಪ್ಪು. ನನಗಂತೂ ಆ ಹಸಿರು ಕಾರು ಕಂಡರೆ ಖುಷಿ.

ಆ ಸಿನಿಮಾದ ಸಂಕಲನಕ್ಕೆ ಆಸ್ಕರ್ ಬಂತು. 1971ರ ‘ದಿ ಫ್ರೆಂಚ್ ಕನೆಕ್ಷನ್’ನಲ್ಲಿ ಕಾರೊಂದು ಮೇಲೆ ಓಡುವ ರೈಲನ್ನು ಕೆಳಗಿನ ರಸ್ತೆಯಲ್ಲಿ ಅಟ್ಟಿಸಿಕೊಂಡು ಹೋಗುತ್ತದೆ. ಅದರ ಸಂಕಲನಕ್ಕೂ ಆಸ್ಕರ್. ಎರಡರಲ್ಲೂ ಸ್ಟಿಯರಿಂಗ್ ಹಿಡಿದ ಬಿಲ್ ಹಿಕ್‌ಮನ್‌ಗೆ ಏನೂ ಇಲ್ಲ. ಡ್ರೈವರ್‌ಗೆ ಕೊಡುವ ಪ್ರಶಸ್ತಿಯೇ ಇರಲಿಲ್ಲ.

ಕಳ್ಳರು ಸಿನಿಮಾದಲ್ಲೂ ಪೂರ್ತಿ ಗೆಲ್ಲಲು ಇನ್ನೂ ಹೊತ್ತಿತ್ತು. 1969ರ ಬ್ರಿಟಿಷ್ ಸಿನಿಮಾ ‘ದಿ ಇಟಾಲಿಯನ್ ಜಾಬ್’ನಲ್ಲಿ ಪುಟ್ಟ ಮಿನಿ ಕಾರುಗಳು ಚಿನ್ನ ಹೊತ್ತು ಟ್ಯೂರಿನ್ ಊರೆಲ್ಲ ಸುತ್ತಿ ಪಾರಾಗುತ್ತವೆ. ಕೊನೆಗೆ ಬಸ್ಸು ಪ್ರಪಾತದ ಅಂಚಿನಲ್ಲಿ ತೂಗಾಡುತ್ತದೆ. ಒಂದು ತುದಿಯಲ್ಲಿ ಚಿನ್ನ, ಇನ್ನೊಂದು ತುದಿಯಲ್ಲಿ ಕಳ್ಳರು. ಸಿನಿಮಾ ಅಲ್ಲಿಗೇ ಮುಗಿಯುತ್ತದೆ.

ಚಿನ್ನದ ಮಾತು ಬಂದರೆ ಕೋಲಾರದವರು ಸುಮ್ಮನಿರುವುದಿಲ್ಲ. 2001ರಲ್ಲಿ ಮುಚ್ಚಿದ ಗಣಿಯ ಸೈನೈಡ್ ಗುಡ್ಡಗಳ (ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳು) ಮೇಲೆ ‘ಕೆಜಿಎಫ್’ ಚಿತ್ರೀಕರಣ ನಡೆಯಿತು. 2018ರಲ್ಲಿ ತೆರೆಗೆ ಬಂದಾಗ ಆ ಕಥೆ ಕಟ್ಟುಕಥೆ ಅಂತ ಅಲ್ಲಿಯವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಧೂಳು ಒರಿಜಿನಲ್!

2001ರಲ್ಲೇ ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’ ಬಂತು. ಅದರಲ್ಲಿ ಕಾರಿನ ಹುಡುಗರು ಲಾರಿಯಿಂದ ಕದಿಯುತ್ತಿದ್ದುದು ಡಿವಿಡಿ ಪ್ಲೇಯರ್! ಅದೇ ಸರಣಿ 2011ರ ಐದನೇ ಸಿನಿಮಾದ ಹೊತ್ತಿಗೆ ರೇಸು ಬಿಟ್ಟು ದರೋಡೆ ಹಿಡಿಯಿತು. ಎರಡು ಕಾರು ಕಟ್ಟಿ ಒಂದು ದೊಡ್ಡ ತಿಜೋರಿಯನ್ನು ರಿಯೊ ನಗರದ ಬೀದಿಗಳಲ್ಲಿ ಎಳೆದಾಡುತ್ತಾರೆ. ಕಾರ್ ಚೇಸ್, ತಿಜೋರಿ ಕಳ್ಳತನ ಎರಡೂ ಒಂದೇ ಸೀನಿನಲ್ಲಿ. ನೋಡಿದವರೆಲ್ಲ ಗ್ರಾಫಿಕ್ಸ್ ಅನ್ನುತ್ತಾರೆ. ಆದರೆ ಅದಕ್ಕಾಗಿ ಹಲವು ತಿಜೋರಿ ಮಾಡಿಸಿದ್ದರು. ಒಂದರೊಳಗೆ ಗಾಲಿ, ಎಂಜಿನ್ ಇಟ್ಟು ಸ್ಟಂಟ್ ಡ್ರೈವರ್ ಒಬ್ಬ ಒಳಗೇ ಕೂತು ಓಡಿಸಿದ.

ಒರಿಜಿನಲ್ ಬೇಕು ಅನ್ನುವ ಹಟಕ್ಕೆ ಬೆಲೆಯೂ ಇದೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಕನ್ನಡ ಸಿನಿಮಾದ ಕ್ಲೈಮ್ಯಾಕ್ಸ್‌ಗೆ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಆ ವಿಡಿಯೊ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಅವತ್ತು ಒರಿಜಿನಲ್ಲಾ ಅಂತ ಕೇಳುವ ಬಾಯಿ ಯಾರಿಗೂ ಇರಲಿಲ್ಲ.

2025ರಲ್ಲಿ ಆಸ್ಕರ್ ಅಕಾಡೆಮಿ ಸ್ಟಂಟ್ ವಿನ್ಯಾಸಕ್ಕೆ ಹೊಸ ಪ್ರಶಸ್ತಿ ಪ್ರಕಟಿಸಿತು. 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಅದು ಶುರು. ತಿಜೋರಿಯೊಳಗೆ ಕೂತಿದ್ದವನ ಸಿನಿಮಾ ಅಷ್ಟರಲ್ಲಿ 16 ವರ್ಷ ಹಳೆಯದಾಗಿರುತ್ತದೆ.