ಏರ್‌ಪೋರ್ಟ್ ಚಹಾಕ್ಕೆ ಅಷ್ಟು ರೇಟು ಯಾಕೆ?

ಪ್ರಶ್ನೆ: ಹುಬ್ಬಳ್ಳಿ ಪೇಟೆಯಲ್ಲಿ ಹತ್ತು ಹದಿನೈದು ರೂಪಾಯಿಗೆ ಸಿಗುವ ಚಹಾಕ್ಕೆ ದೊಡ್ಡ ಏರ್‌ಪೋರ್ಟ್‌ಗಳಲ್ಲಿ ನೂರರ ಮೇಲೆ ಯಾಕ್ರೀ ಕೊಡಬೇಕು? ಅಂಗಡಿಯವರು ಸುಲಿಗೆ ಮಾಡ್ತಾರಾ?

ಅಂಗಡಿಯವರನ್ನಷ್ಟೇ ಬೈದರೆ ಪ್ರಯೋಜನ ಇಲ್ಲ. ಅಲ್ಲಿ ಮಳಿಗೆ ಸಿಗುವುದು ಟೆಂಡರ್‌ನಲ್ಲಿ. ಮಾರಾಟದಲ್ಲಿ ನಿಲ್ದಾಣದವರಿಗೆ ಇಂತಿಷ್ಟು ಪಾಲು ಅಂತ ಒಪ್ಪಿಕೊಳ್ಳಬೇಕು, ಜೊತೆಗೆ ತಿಂಗಳಿಗೆ ಕನಿಷ್ಠ ಇಷ್ಟು ಅಂತಲೂ ಇರುತ್ತದೆ, ಸಾಮಾನ್ಯವಾಗಿ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಕಟ್ಟಬೇಕು. ಒಳಗೆ ಹೋಗುವ ಹಾಲಿನ ಪ್ಯಾಕೆಟ್ಟಿಗೂ ತಪಾಸಣೆ. ಲೋಟ ತೊಳೆಯುವ ಹುಡುಗನಿಗೂ ಪಾಸು ಬೇಕು. ಇದೆಲ್ಲ ನಿಜವೇ, ಆದರೆ ನನ್ನ ಪ್ರಕಾರ ಅಸಲಿ ಕಾರಣ ಬೇರೆ: ಸೆಕ್ಯುರಿಟಿ ದಾಟಿದ ಮೇಲೆ ಗಿರಾಕಿ ಇನ್ನೆಲ್ಲಿಗೆ ಹೋಗಬೇಕು?

ಈಗ ಸ್ವಲ್ಪ ಬದಲಾವಣೆ ಕಾಣುತ್ತಿದೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ 'ಉಡಾನ್ ಯಾತ್ರಿ ಕೆಫೆ' ಶುರುವಾಯಿತು. ಚಹಾ 10 ರೂಪಾಯಿ, ನೀರಿನ ಬಾಟಲಿ 10, ಕಾಫಿ 20, ಸಮೋಸಾ 20. 2025ರ ಫೆಬ್ರುವರಿಯಲ್ಲಿ ಚೆನ್ನೈಗೂ ಬಂತು. ಊರಿನ ತಿನಿಸಿಗೂ ಈಗ ಜಾಗ ಸಿಗುತ್ತಿದೆ, ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಹಟ್ಟಿ ಕಾಪಿ ಸಿಗುತ್ತದಲ್ವಾ, ಹಾಗೆ. ನಮ್ಮ ಹುಬ್ಬಳ್ಳಿಯ ಗೋಕುಲ ರೋಡಿನ ವಿಮಾನ ನಿಲ್ದಾಣದಲ್ಲಿ ಒಂದು ಪ್ಲೇಟ್ ಗಿರ್ಮಿಟ್, ಮೇಲೆರಡು ಬಿಸಿ ಮಿರ್ಚಿ ಇಟ್ಟರೆ ಬರ್ಗರ್ ಯಾರು ಕೇಳ್ತಾರೆ?

ನೀರಿನ ಬಾಟಲಿಯ ಲೆಕ್ಕ ಬೇರೆ. ಮೊದಲು ಅದೇ ಬಾಟಲಿಗೆ ಏರ್‌ಪೋರ್ಟ್‌ಗೆ ಅಂತಲೇ ಹೆಚ್ಚಿನ ಎಂಆರ್‌ಪಿ ಹಾಕಿ ಮಾರುತ್ತಿದ್ದರು. 2018ರ ಜನವರಿಯಿಂದ ಒಂದೇ ಸರಕಿಗೆ ಎರಡು ಎಂಆರ್‌ಪಿ ಹಾಕುವಂತಿಲ್ಲ. ಹಾಗಾಗಿ ಕೌಂಟರ್‌ನಲ್ಲಿ ಸೀಲ್ ಬಾಟಲಿಗೆ ಅಚ್ಚಾದ ಬೆಲೆಗಿಂತ ಜಾಸ್ತಿ ಕೇಳಿದರೆ ಬಿಲ್ ಇಸಿದುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ. ಆದರೆ ಹೋಟೆಲಿನಲ್ಲಿ ಕೂತು ತರಿಸಿಕೊಂಡರೆ ಈ ಮಾತು ನಡೆಯಲ್ಲ, ಅಲ್ಲಿ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕುಡಿಯುವ ನೀರಿನ ನಲ್ಲಿ ಒಳಗೆ ಇದ್ದೇ ಇರುತ್ತದೆ, ಖಾಲಿ ಬಾಟಲಿ ಒಯ್ದರೆ ಸಾಕು.

ಇನ್ನು ಬುತ್ತಿ. ದೇಶದೊಳಗಿನ ವಿಮಾನಕ್ಕೆ ಕಟಕ್ ರೊಟ್ಟಿ, ಚಪಾತಿ, ಧಾರವಾಡ ಪೇಡಾ ಆರಾಮಾಗಿ ಒಯ್ಯಬಹುದು, ಸುಮ್ನೆ ನಾಚಿಕೊಳ್ಳಬೇಡಿ. ಎಣ್ಣೆ ತೇಲುವ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಒಣ ಕೊಬ್ಬರಿಯಂತೂ ಮನೆಯಲ್ಲೇ ಬಿಟ್ಟು ಬನ್ನಿ: ಅದರಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹಿಡಿಯುವ ಭಯ ಇದೆ ಅಂತ ತೆಗೆಸಿಬಿಡುತ್ತಾರೆ.