ಟೇಕ್ವಾಂಡೊ ಸ್ಪಾರಿಂಗ್: ಕೊನೆಯ ಹತ್ತು ಸೆಕೆಂಡಿನ ಲೆಕ್ಕ

ಬೆಂಗಳೂರಲ್ಲಿ ಬಿಳಿ ಡ್ರೆಸ್ ಹಾಕಿಕೊಂಡು ಹೊರಟರೆ ಪಕ್ಕದ ಮನೆಯವರು "ಕರಾಟೆ ಕ್ಲಾಸಾ?" ಅಂತಲೇ ಕೇಳುತ್ತಾರೆ. ಇರಲಿ ಬಿಡಿ. ಈ ಟಿಪ್ಪಣಿ ಟೇಕ್ವಾಂಡೊ ಸ್ಪಾರಿಂಗಿನ, ಅಂದರೆ ಇಬ್ಬರು ಎದುರುಬದುರು ಆಡುವ ಪಂದ್ಯದ, ಮೊದಲ ಟೂರ್ನಮೆಂಟಿಗೆ ಹೆಸರು ಕೊಟ್ಟವರಿಗೆ. ಒದೆಯುವುದನ್ನು ಮಾಸ್ಟರ್ ಹೇಳಿಕೊಡುತ್ತಾರೆ. ಸ್ಕೋರ್‌ಬೋರ್ಡ್ ಓದುವುದನ್ನು ಮಾತ್ರ ನಾವೇ ಕೂತು ಕಲಿಯಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದ್ದ ಲೆಕ್ಕ ಹೀಗಿದೆ. ಚೆಸ್ಟ್ ಗಾರ್ಡ್ ಮೇಲೆ ಪಂಚ್ ಬಿದ್ದರೆ 1, ಒದ್ದರೆ 2, ತಲೆಗೆ ಒದ್ದರೆ 3. ಮೈ ತಿರುಗಿಸಿ ಒದ್ದರೆ (ಟರ್ನಿಂಗ್ ಕಿಕ್) ಎದೆಗೆ 4, ತಲೆಗೆ 5. ಮುಖಕ್ಕೆ ಪಂಚ್ ಇಲ್ಲ, ಸೊಂಟದ ಕೆಳಗೆ ಒದೆಯುವ ಹಾಗಿಲ್ಲ. ನಮ್ಮ ತಪ್ಪಿಗೆ ರೆಫರಿ ಗಾಮ್‌ಜಿಯಮ್ (ದಂಡ) ಕೊಟ್ಟರೆ ಎದುರಾಳಿಗೆ 1 ಪಾಯಿಂಟ್. ಒಂದೇ ರೌಂಡಲ್ಲಿ ಐದು ಗಾಮ್‌ಜಿಯಮ್ ಆದರೆ ರೌಂಡೇ ಹೋಯಿತು.

2022ಕ್ಕೆ ಮುಂಚೆ ಮೂರೂ ರೌಂಡಿನ ಪಾಯಿಂಟ್ ಒಟ್ಟು ಕೂಡಿಸುತ್ತಿದ್ದರು. ಈಗ ಮೂರರಲ್ಲಿ ಎರಡು ರೌಂಡ್ ಗೆದ್ದವರೇ ಗೆದ್ದ ಹಾಗೆ. ಎರಡು ನಿಮಿಷದ ಪ್ರತಿ ರೌಂಡೂ ಸೊನ್ನೆಯಿಂದ ಶುರು. ನನಗಂತೂ ಇದೇ ಇಷ್ಟ. ಮೊದಲ ರೌಂಡಲ್ಲಿ ಜಾಸ್ತಿ ಹೊಡೆತ ತಿಂದವರಿಗೂ ದಾರಿ ಉಳಿದಿರುತ್ತದೆ. ಆದರೆ ಒಂದೊಂದು ಪಾಯಿಂಟಿನ ಬೆಲೆ ಏರಿದೆ.

ಹೇಗೆ ಅಂತ ನೋಡಿ. ನೀವು ಕೆಂಪು ಗಾರ್ಡಿನವರು, ಎದುರಾಳಿ ನೀಲಿ. ಎದೆಗೆ ಮೂರು ಸಲ ಒದ್ದು 6 ಮಾಡಿದ್ದೀರಿ. ನೀಲಿಯವರು ಒಮ್ಮೆ ತಿರುಗಿ ಎದೆಗೆ ಒದ್ದು 4, ಪಂಚಿಗೆ 1, ಒಟ್ಟು 5. ಹತ್ತು ಸೆಕೆಂಡ್ ಬಾಕಿ. ಗೆದ್ದೇ ಬಿಟ್ಟೆವು ಅಂತ ನೇರ ಹಿಂದೆ ಹಿಂದೆ ಹೋಗುತ್ತೀರಿ, ಕಾಲು ಅಂಕಣದ ಅಂಚಿನ ಗೆರೆ ದಾಟುತ್ತದೆ. ಗಾಮ್‌ಜಿಯಮ್. 6-6. ಸಮ ಆಯಿತಲ್ಲ ಅಂತ ಸಮಾಧಾನ ಬೇಡ. ರೌಂಡ್ ಸಮವಾದರೆ ಮೊದಲು ನೋಡುವುದು ತಿರುಗಿ ಒದ್ದು ಗಳಿಸಿದ ಪಾಯಿಂಟ್ ಯಾರದು ಜಾಸ್ತಿ ಅಂತ. ನೀಲಿಗೆ 4, ನಿಮಗೆ ಸೊನ್ನೆ. ರೌಂಡ್ ಅವರದು.

ಅದಕ್ಕೇ ಲೀಡ್ ಇದ್ದಾಗ ಹಿಂದೆ ಸರಿಯಬೇಡಿ, ಪಕ್ಕಕ್ಕೆ ಸರಿಯಿರಿ. ಗೆರೆ ಹತ್ತಿರ ಬರುವ ಮೊದಲೇ ಮಧ್ಯಕ್ಕೆ ತಿರುಗಿಕೊಳ್ಳಿ. ಎದುರಾಳಿಯನ್ನು ಹಿಡಿದುಕೊಂಡು ಟೈಮ್ ಕಳೆದರೂ ಗಾಮ್‌ಜಿಯಮ್ಮೇ, ಬಿದ್ದರೂ ಅದೇ. ಒದ್ದ ರಭಸಕ್ಕೆ ಜಾರಿ ಬೀಳುವುದು ನಮ್ಮಂಥ ಹೊಸಬರ ಕಾಯಿಲೆ. ಪ್ರಾಕ್ಟೀಸ್‌ನಲ್ಲಿ ನೆಲಕ್ಕೆ ಟೇಪ್ ಅಂಟಿಸಿ, ಬೋರ್ಡ್ ಮೇಲೆ 6-5 ಬರೆದು, ಬರೀ ಕೊನೆಯ ಹತ್ತು ಸೆಕೆಂಡ್ ಆಡಿ. ಸುಮ್ನೆ ಅರ್ಧ ಗಂಟೆ ಸ್ಪಾರಿಂಗ್ ಮಾಡುವುದಕ್ಕಿಂತ ಇದು ವಾಸಿ.

ಎಲೆಕ್ಟ್ರಾನಿಕ್ ಗಾರ್ಡ್ ಇದ್ದ ಕಡೆ ಎದೆಗೆ, ತಲೆಗೆ ಬಿದ್ದ ಒದೆತವನ್ನು ಮಷೀನೇ ಲೆಕ್ಕ ಹಾಕುತ್ತದೆ. ಅದು ಓದುವುದು ಸೆನ್ಸರ್ ಸಾಕ್ಸ್ ಹಾಕಿದ ಪಾದವನ್ನು. ಮೊಣಕಾಲ ಕೆಳಗಿನ ಮೂಳೆ ಎಷ್ಟೇ ಜೋರಾಗಿ ತಗುಲಿದರೂ ಪಾಯಿಂಟ್ ಇಲ್ಲ. ಪಂಚಿನ ಪಾಯಿಂಟನ್ನೂ ಮೈ ತಿರುಗಿಸಿ ಒದ್ದದ್ದರ ಹೆಚ್ಚಿನ ಪಾಯಿಂಟನ್ನೂ ಮೂಲೆಯ ಜಡ್ಜ್‌ಗಳು ಬಟನ್ ಒತ್ತಿ ಸೇರಿಸುತ್ತಾರೆ. ಮಷೀನ್ ಇಲ್ಲದ ಸಣ್ಣ ಟೂರ್ನಮೆಂಟಲ್ಲಿ ಎಲ್ಲವೂ ಜಡ್ಜ್ ಕಣ್ಣಿಗೆ ಬಿಟ್ಟದ್ದು. ಅಲ್ಲಿ ಒದೆತ ಕಾಣಬೇಕು, ಸದ್ದೂ ಕೇಳಬೇಕು.

ಮೌತ್ ಗಾರ್ಡ್ ಬಿಳಿಯದು ಇಲ್ಲವೇ ಬಣ್ಣವಿಲ್ಲದ್ದು ಕೊಳ್ಳಿ. ಬೇರೆ ಬಣ್ಣಕ್ಕೆ ನಿಯಮ ಒಪ್ಪುವುದಿಲ್ಲ.