ನಿಮ್ಮದಲ್ಲದ್ದನ್ನು ಉಯಿಲಿನಲ್ಲಿ ಕೊಡಲಾಗದು

ವರ್ಜೀನಿಯಾದಲ್ಲಿ ಉಯಿಲು ಬರೆದುಕೊಡುವುದು, ತೀರಿಹೋದವರ ಆಸ್ತಿ ಹಂಚುವುದು ನನ್ನ ಕೆಲಸ. ಇಲ್ಲಿರುವ ಕನ್ನಡದವರೂ ಬರುತ್ತಾರೆ. ಬಂದವರ ಬಾಯಲ್ಲಿ ಒಂದೇ ಮಾತು: "ಮೇಡಂ, ಉಯಿಲಲ್ಲಿ ಬರೆದುಬಿಟ್ಟರೆ ಆಯ್ತಲ್ವಾ?"

ಆಗಲ್ಲ. ಗಂಡ ಹೆಂಡತಿ ಜಂಟಿಯಾಗಿ ಕೊಂಡ ಮನೆ, ಒಬ್ಬರು ಹೋದರೆ ಇನ್ನೊಬ್ಬರಿಗೆ ಅಂತ ಪತ್ರದಲ್ಲಿದ್ದರೆ, ಉಯಿಲು ಏನೇ ಹೇಳಲಿ ಉಳಿದವರಿಗೇ ಸೇರುತ್ತದೆ. ನಿವೃತ್ತಿ ಖಾತೆಯ ದುಡ್ಡು ಸಾಮಾನ್ಯವಾಗಿ ಆ ಖಾತೆಯಲ್ಲಿ ಯಾರ ಹೆಸರು ಕೊಟ್ಟಿದ್ದೀರೋ ಅವರಿಗೆ. ಹಾಸನದ ತೋಟ ಅಣ್ಣತಮ್ಮಂದಿರ ನಡುವೆ ಇನ್ನೂ ಪಾಲೇ ಆಗಿಲ್ಲ ಅಂದಮೇಲೆ ಇಡೀ ತೋಟವನ್ನು ಮಗಳಿಗೆ ಬರೆದಿಟ್ಟರೆ, ನಿಮ್ಮ ಪಾಲನ್ನು ಬಿಟ್ಟು ಉಳಿದದ್ದಕ್ಕೆ ಅದು ಸುಮ್ನೆ ಕಾಗದ. ಪ್ರತಿ ಮನೆಯ ಪತ್ರವೂ ಬೇರೆ, ಕಣ್ಣಾರೆ ನೋಡದೆ ನಾನು ಖಚಿತವಾಗಿ ಹೇಳಲಾರೆ. ಆದರೆ ಒಂದು ಮಾತು ಎಲ್ಲರಿಗೂ ಹೇಳಬಲ್ಲೆ. ಮೊದಲು ಅದು ನಿಮ್ಮದಾ ಅಂತ ನೋಡಿ, ಆಮೇಲೆ ಯಾರಿಗೆ ಅಂತ ಯೋಚಿಸಿ.

ಊರಿಂದ ಬಂದ ಅಪ್ಪ ಅಮ್ಮನನ್ನು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಎಸ್ಟೇಟ್ ಆಗಿದ್ದ ಮೌಂಟ್ ವರ್ನನ್‌ಗೆ ಕರೆದುಕೊಂಡು ಹೋಗಿ ಬಂದವರೂ ಇಲ್ಲೇ ಎಡವುತ್ತಾರೆ. "ಜಾರ್ಜ್ ವಾಷಿಂಗ್ಟನ್ ಉಯಿಲು ಬರೆದು ಗುಲಾಮರನ್ನೆಲ್ಲ ಬಿಡುಗಡೆ ಮಾಡಿದರಂತೆ" ಅನ್ನುತ್ತಾರೆ. ಒಬ್ಬ ಹಿರಿಯರಂತೂ ಆ ಉಯಿಲಿನ ಪ್ರತಿಯನ್ನೇ ತಂದು ನನ್ನೆದುರು ಓದಿದರು. ಬಹಳ ಪ್ರೀತಿಯಿಂದ, ಗೌರವದಿಂದ ಓದಿದರು. ಆದರೆ ಮುಖ್ಯವಾದ ಮಾತನ್ನು ದಾಟಿಕೊಂಡು ಹೋದರು. 1799ರ ಜುಲೈನಲ್ಲಿ ಬರೆದ ಆ ಉಯಿಲು ಬಿಡುಗಡೆ ಮಾಡುವುದು ವಾಷಿಂಗ್ಟನ್ ತಮ್ಮ ಸ್ವಂತ ಹಕ್ಕಿನಲ್ಲಿ ಇಟ್ಟುಕೊಂಡಿದ್ದ ಗುಲಾಮರನ್ನು ಮಾತ್ರ.

ಆ ವರ್ಷ ಮೌಂಟ್ ವರ್ನನ್‌ನಲ್ಲಿ 317 ಗುಲಾಮರಿದ್ದರು. ಅವರಲ್ಲಿ ವಾಷಿಂಗ್ಟನ್ ಸ್ವಂತದವರು 123 ಜನ. 153 ಜನ ಕಸ್ಟಿಸ್ ಮನೆತನದ ಲೆಕ್ಕಕ್ಕೆ ಸೇರಿದವರು. ಉಳಿದವರನ್ನು ಬೇರೆಯವರಿಂದ ಬಾಡಿಗೆಗೆ ತಂದಿದ್ದರು.

ಈ 153 ಎಲ್ಲಿಂದ ಬಂತು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ತಪ್ಪುವುದು ಇಲ್ಲೇ. ವಾಷಿಂಗ್ಟನ್ ಹೆಂಡತಿ ಮಾರ್ಥಾ ಅವರ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್. 1757ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಆಗಿನ ಕಾನೂನಿನಂತೆ ವಿಧವೆಗೆ ಜಮೀನಿನಲ್ಲೂ ಗುಲಾಮರಲ್ಲೂ ಮೂರನೇ ಒಂದು ಪಾಲು, ಅದೂ ಬದುಕಿರುವ ತನಕ ಮಾತ್ರ. ನಮ್ಮೂರಿನ ಹಳೇ ಪತ್ರಗಳಲ್ಲಿ "ಜೀವಿತ ಕಾಲದವರೆಗೆ ಅನುಭವಿಸತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ" ಅಂತ ಇರುತ್ತದಲ್ಲ, ಹಾಗೆ. 1759ರಲ್ಲಿ ಮಾರ್ಥಾರನ್ನು ಮದುವೆಯಾದ ವಾಷಿಂಗ್ಟನ್‌ಗೆ ಸಿಕ್ಕಿದ್ದೂ ಅಷ್ಟೇ ಹಕ್ಕು. ಆ ಜನರನ್ನು ದುಡಿಸಬಹುದು, ಅವರು ಬೆಳೆದದ್ದನ್ನು ಮಾರಿ ಹಣ ಇಟ್ಟುಕೊಳ್ಳಬಹುದು. ಅವರಿಗೆ ಬಿಡುಗಡೆ ಕೊಡುವ ಹಕ್ಕು ವಾಷಿಂಗ್ಟನ್‌ಗೂ ಇಲ್ಲ, ಮಾರ್ಥಾಗೂ ಇಲ್ಲ. ಮಾರ್ಥಾ ಕಣ್ಣು ಮುಚ್ಚಿದ ದಿನ ಅವರೆಲ್ಲ ಕಸ್ಟಿಸ್ ವಾರಸುದಾರರ ಪಾಲು.

ಇದರ ಜೊತೆಗೆ 1662ರಿಂದಲೇ ಇದ್ದ ಇನ್ನೊಂದು ಕಾನೂನು ಸೇರಿಸಿಕೊಳ್ಳಿ. ತಾಯಿ ಯಾರ ಗುಲಾಮಳೋ ಮಗುವೂ ಅವರದ್ದೇ. ತಂದೆ ಲೆಕ್ಕಕ್ಕೇ ಇಲ್ಲ. 40 ವರ್ಷ ಎರಡೂ ಕಡೆಯವರು ಒಂದೇ ಹೊಲ, ಒಂದೇ ಅಡುಗೆಮನೆಯಲ್ಲಿ ದುಡಿದಿದ್ದಾರೆ, ಒಬ್ಬರನ್ನೊಬ್ಬರು ಮದುವೆಯಾಗಿದ್ದಾರೆ, ಮಕ್ಕಳಾಗಿವೆ. ಕಸ್ಟಿಸ್ ಪಾಲಿನ ಹೆಂಗಸರಿಗೆ ಹುಟ್ಟಿದ ಒಂದೊಂದು ಮಗುವೂ ಆ ಪಾಲಿಗೇ ಸೇರುತ್ತಾ ಬಂತು.

ಹರ್ಕ್ಯುಲಿಸ್ ಅನ್ನುವ ಬಾಣಸಿಗರನ್ನೇ ತೆಗೆದುಕೊಳ್ಳಿ. ಫಿಲಡೆಲ್ಫಿಯಾದಲ್ಲಿ ಅಧ್ಯಕ್ಷರ ಮನೆಯ ಅಡುಗೆ ಅವರದ್ದೇ. ಅವರು ವಾಷಿಂಗ್ಟನ್ ಸ್ವಂತದವರು. ಹೆಂಡತಿ ಆಲಿಸ್ ಕಸ್ಟಿಸ್ ಪಾಲಿನವರು, ಹಾಗಾಗಿ ರಿಚ್ಮಂಡ್, ಈವಿ, ಡೀಲಿಯಾ ಮೂರೂ ಮಕ್ಕಳು ಕಸ್ಟಿಸ್ ಪಾಲು. 1797ರ ಫೆಬ್ರವರಿ 22ರಂದು, ವಾಷಿಂಗ್ಟನ್ ಹುಟ್ಟುಹಬ್ಬದ ದಿನವೇ, ಹರ್ಕ್ಯುಲಿಸ್ ಓಡಿಹೋದರು. ಎರಡು ತಿಂಗಳಿಗೆ ಫ್ರಾನ್ಸಿನ ರಾಜಮನೆತನದ ಲೂಯಿ ಫಿಲಿಪ್ ಮೌಂಟ್ ವರ್ನನ್‌ಗೆ ಬಂದಾಗ ಅವರ ಸೇವಕ ಈ ಬಾಣಸಿಗರ ಪುಟ್ಟ ಮಗಳೊಬ್ಬಳನ್ನು ಮಾತಾಡಿಸಿದ. ಅಪ್ಪನನ್ನು ಇನ್ನು ನೋಡೋಕಾಗಲ್ಲ ಅಂತ ಬೇಜಾರಾ ಅಂದ. ಇಲ್ಲ, ನನಗೆ ಖುಷಿ, ಅಪ್ಪ ಈಗ ಸ್ವತಂತ್ರ ಅಂದಳು ಆ ಮಗು. ಈ ಸಂಗತಿ ಲೂಯಿ ಫಿಲಿಪ್ ದಿನಚರಿಯಲ್ಲಿದೆ. ಆಮೇಲೆ ಉಯಿಲಿನಿಂದ ಹರ್ಕ್ಯುಲಿಸ್‌ಗೆ ಕಾನೂನಿನ ಪ್ರಕಾರವೂ ಬಿಡುಗಡೆ ಆಯಿತು. ಮಕ್ಕಳಿಗೆ ಆಗಲಿಲ್ಲ.

ಆ ಉಯಿಲಿನಲ್ಲಿ ನಾನು ಯಾರಿಗೂ ಬರೆದುಕೊಡದ ಷರತ್ತೊಂದಿದೆ. ವಾಷಿಂಗ್ಟನ್ ಖಾಸಗಿ ಸೇವಕ ವಿಲಿಯಂ ಲೀ ಒಬ್ಬರಿಗೆ ಮಾತ್ರ ತಕ್ಷಣ ಬಿಡುಗಡೆ, ವರ್ಷಕ್ಕೆ 30 ಡಾಲರ್ ಜೀವನಾಂಶ. ಉಳಿದವರಿಗೆ ಮಾರ್ಥಾ ಸತ್ತ ಮೇಲೆ. ಅಂದರೆ ನೂರಕ್ಕೂ ಜಾಸ್ತಿ ಜನರ ಬಿಡುಗಡೆ ಒಬ್ಬ ಮುದುಕಿಯ ಉಸಿರಿಗೆ ಕಟ್ಟಿಹಾಕಿದಂತಾಯಿತು. ಸುತ್ತ ಇರುವವರ ಕೈಯಲ್ಲಿ ತಮ್ಮ ಜೀವಕ್ಕೆ ಭದ್ರತೆ ಇಲ್ಲ ಅಂತ ಮಾರ್ಥಾಗೆ ಅನ್ನಿಸುತ್ತಿತ್ತು. 1800ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷರ ಹೆಂಡತಿ ಅಬಿಗೇಲ್ ಆಡಮ್ಸ್ ಬರೆದ ಪತ್ರದಲ್ಲಿ ಈ ಮಾತಿದೆ. ಕೊನೆಗೆ ಮಾರ್ಥಾ ಕಾಯಲಿಲ್ಲ. 1801ರ ಜನವರಿ 1ಕ್ಕೇ ಗಂಡನ ಸ್ವಂತದ ಗುಲಾಮರಿಗೆ ಬಿಡುಗಡೆ ಕೊಟ್ಟರು. ಒಬ್ಬರ ಸಾವಿಗೆ ಇನ್ನೊಬ್ಬರ ಬದುಕನ್ನು ಹೀಗೆ ಗಂಟು ಹಾಕಬೇಡಿ ಅಂತ ಇವತ್ತಿಗೂ ನನ್ನಲ್ಲಿಗೆ ಬಂದವರಿಗೆ ಹೇಳುತ್ತೇನೆ.

1802ರ ಮೇ 22ರಂದು ಮಾರ್ಥಾ ತೀರಿಕೊಂಡರು. ಮಗ ಜ್ಯಾಕಿ 1781ರಲ್ಲೇ ಹೋಗಿದ್ದರಿಂದ ಕಸ್ಟಿಸ್ ಪಾಲು ನಾಲ್ಕು ಮೊಮ್ಮಕ್ಕಳಿಗೆ ಹಂಚಿಹೋಯಿತು. "ಸಮವಾಗಿ ಹಂಚಿದರು ತಾನೇ?" ಅಂತ ಕೇಳುವವರಿದ್ದಾರೆ. ಆ ಪ್ರಶ್ನೆ ಕೇಳಿದರೆ ನನಗೆ ಹೊಟ್ಟೆ ತೊಳಸುತ್ತದೆ. ಪಾಲು ಸಮ ಆಗಬೇಕಾದರೆ ತಲೆಗೊಂದು ಬೆಲೆ ಕಟ್ಟಬೇಕು. ಬೆಲೆ ಸರಿಹೊಂದಬೇಕಾದರೆ ತಾಯಿ ಒಂದು ಪಟ್ಟಿಗೆ, ಮಗ ಇನ್ನೊಂದು ಪಟ್ಟಿಗೆ. ವಾರಸುದಾರರ ಮಟ್ಟಿಗೆ ಆ ಪಾಲು ನ್ಯಾಯವೇ. ಪಾಲಿನೊಳಗೆ ಇದ್ದವರಿಗೆ ಅದು ಮನೆ ಒಡೆದ ದಿನ.

ಮಾರ್ಥಾರ ಸೇವಕಿ ಓನಾ ಜಡ್ಜ್ ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು. ತನ್ನನ್ನು ಮಾರ್ಥಾರ ಮೊಮ್ಮಗಳು ಎಲಿಜಬೆತ್‌ಗೆ ಕೊಡುತ್ತಾರೆ ಅಂತ ಗೊತ್ತಾಗಿ, 1796ರ ಮೇ ತಿಂಗಳಲ್ಲಿ ವಾಷಿಂಗ್ಟನ್ ದಂಪತಿ ಊಟಕ್ಕೆ ಕೂತಿದ್ದಾಗ ಫಿಲಡೆಲ್ಫಿಯಾದ ಮನೆಯಿಂದ ಹೊರಟೇಬಿಟ್ಟರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮದುವೆಯಾಗಿ ಮೂರು ಮಕ್ಕಳಾದವು. ಆಕೆ ಕಸ್ಟಿಸ್ ಪಾಲಿನವರಾದ್ದರಿಂದ ವಾಷಿಂಗ್ಟನ್ ಉಯಿಲು ಆಕೆಯನ್ನು ಮುಟ್ಟಲೇ ಇಲ್ಲ. 1848ರಲ್ಲಿ ತೀರಿಕೊಳ್ಳುವವರೆಗೂ ಕಾಗದದ ಮೇಲೆ ಆಕೆ ಗುಲಾಮಳೇ.

"ಪಾಪ, ಕಾನೂನು ಅವರ ಕೈ ಕಟ್ಟಿತ್ತಲ್ಲ" ಅನ್ನುತ್ತಾರೆ. ಕಟ್ಟಿತ್ತು, ಒಪ್ಪುತ್ತೇನೆ. ಆದರೂ ವಾರಸುದಾರರನ್ನು ಒಪ್ಪಿಸಿ, ಬೆಲೆ ಕೊಟ್ಟು ಬಿಡಿಸಬಹುದಿತ್ತು. ವಾಷಿಂಗ್ಟನ್‌ಗೆ ಜಮೀನು ಬೇಕಾದಷ್ಟಿತ್ತು, ನಗದು ಕಡಿಮೆ. ನನ್ನ ಮಟ್ಟಿಗೆ 40 ವರ್ಷಕ್ಕೆ ಇದು ಸಾಕಾಗುವ ಕಾರಣ ಅಲ್ಲ. ಮಾರ್ಥಾಗೆ ಸ್ವಂತ ಹಕ್ಕಿನಲ್ಲಿ ಒಬ್ಬ ಗುಲಾಮರಿದ್ದರು. ಹೆಸರು ಎಲಿಶಾ. ವಿಧವೆಯ ಪಾಲಿನ ಷರತ್ತು ಅವರಿಗೆ ಇರಲಿಲ್ಲ, ಕಸ್ಟಿಸ್ ವಾರಸುದಾರರನ್ನು ಕೇಳಬೇಕಾಗಿರಲಿಲ್ಲ, ಉಯಿಲಿನಲ್ಲೇ ಬಿಡುಗಡೆ ಕೊಡಲು 1782ರಿಂದ ವರ್ಜೀನಿಯಾದ ಕಾನೂನು ದಾರಿ ಬಿಟ್ಟಿತ್ತು. 1802ರ ಮಾರ್ಚ್‌ನಲ್ಲಿ ಮಾರ್ಥಾ ತಮ್ಮ ಉಯಿಲಿಗೆ ಒಂದು ಸಾಲು ಸೇರಿಸಿ ಎಲಿಶಾರನ್ನು ಮೊಮ್ಮಗನಿಗೆ ಬರೆದುಕೊಟ್ಟರು.